ಹುಲಿ ಬಸ್ಸು, ಕಬಿನಿ ಬೋಟು, ದರೋಜಿ ಗೋಪುರ, ರಂಗನತಿಟ್ಟಿನ ದೋಣಿ

ಎಪ್ಪತ್ತು ದಾಟಿದ ಅಮ್ಮ, ಒಂಬತ್ತು ವರ್ಷದ ಮಗಳು, ನಾನು. ಕಾಡುಪ್ರಾಣಿ, ಹಕ್ಕಿ ನೋಡಲು ಎರಡು ವರ್ಷದಲ್ಲಿ ನಾಲ್ಕು ಕಡೆ ಹೋಗಿ ಬಂದೆವು. ಪ್ರಾಣಿ ಎಷ್ಟು ಕಂಡವು ಎಂದು ನಾನು ಲೆಕ್ಕ ಇಡಲಿಲ್ಲ. ಜೊತೆಗೆ ಬಂದವರು ಏನು ತೋರಿಸಿದರು, ಅದರಲ್ಲಿ ನಮಗೆ ಎಷ್ಟು ಉಳಿಯಿತು ಎಂಬುದೇ ನನ್ನ ಅಳತೆ.

ಮೊದಲು ಬಸ್ ಸಫಾರಿ. ಯಾವ ಕಾಡು ಎಂದು ಹೇಳುವುದಿಲ್ಲ, ಬೇರೆ ದಿನ ಹೋದವರಿಗೆ ಬೇರೆಯದೇ ಅನುಭವ ಆಗಿರಬಹುದು. ನಾವು ಹೋದ ದಿನ ದಾರಿಯ ಪಕ್ಕದಲ್ಲೇ ಕಾಟಿಗಳ, ಅಂದರೆ ಕಾಡೆಮ್ಮೆಗಳ, ಹಿಂಡು ಮೇಯುತ್ತಿತ್ತು. ಬಸ್ಸು ನಿಲ್ಲಲಿಲ್ಲ. ಮುಂದೆ ಎಲ್ಲೋ ಹುಲಿ ಕಂಡಿದೆ ಎಂಬ ಸುದ್ದಿ ಬಂದಿತ್ತು. ನಾವು ತಲುಪುವ ಹೊತ್ತಿಗೆ ಅಲ್ಲಿ ನಾಲ್ಕೈದು ಗಾಡಿ, ಧೂಳು. ಬಿಳಿ ಕಾಲುಚೀಲ ತೊಟ್ಟಂತಿದ್ದ ಆ ದೊಡ್ಡ ಪ್ರಾಣಿ ಯಾವುದೆಂದು ಮಗಳು ಕೇಳಿದಾಗ ಉತ್ತರ ಕೊಡಲು ಇದ್ದವನು ನಾನೊಬ್ಬನೇ. ಖರ್ಚು ಕಡಿಮೆ, ವಯಸ್ಸಾದವರಿಗೆ ಆರಾಮ, ಅದು ನಿಜ. ಆದರೆ ಹುಲಿಯೊಂದನ್ನೇ ಹುಡುಕುತ್ತಾ ಹೊರಟರೆ ಮಿಕ್ಕ ಕಾಡೆಲ್ಲ ಕಿಟಕಿಯಾಚೆ ಓಡಿಹೋಗುತ್ತದೆ.

ಕಬಿನಿಯ ಬೋಟಿನಲ್ಲಿ ಇದಕ್ಕೆ ತದ್ವಿರುದ್ಧ. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಕಾಡಿನ ಬೋಳು ಮರಗಳು ಇಂದಿಗೂ ನಿಂತಿವೆ, ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತವೆ. ಬೇಸಿಗೆಯಲ್ಲಿ ನೀರು ಇಳಿದಂತೆ ದಡದಲ್ಲಿ ಹಸಿ ಹುಲ್ಲು ಚಿಗುರುತ್ತದೆ, ಆನೆಗಳು ಹಿಂಡುಹಿಂಡಾಗಿ ಬರುತ್ತವೆ. ನಾವು ಹೋದದ್ದು ಏಪ್ರಿಲ್‌ನಲ್ಲಿ. ನಮ್ಮ ಗೈಡು ಎಂಜಿನ್ ನಿಲ್ಲಿಸಿ, ಹಿಂಡನ್ನು ನಡೆಸುವ ಹಿರಿಯ ಹೆಣ್ಣಾನೆ ಯಾವುದೆಂದು ನಮ್ಮಿಂದಲೇ ಗುರುತು ಹಿಡಿಸಿದರು. ಅಮ್ಮನೇ ಮೊದಲು ಹೇಳಿದ್ದು: "ಅದೇ, ಎಲ್ರೂ ಅದರ ಮುಖಾನೇ ನೋಡ್ತಾವಲ್ಲ." ಆದರೆ ನಾವು ಅಲ್ಲೇ ಉಳಿದುಕೊಂಡಿದ್ದರಿಂದ ಖರ್ಚು ಜಾಸ್ತಿ. ಉಳಿದ ಮೂರೂ ಪ್ರವಾಸ ಸೇರಿಸಿದರೂ ಅದರ ಅರ್ಧ ಆಗಲಿಲ್ಲ. ಮಳೆಗಾಲದಲ್ಲಿ ಆನೆಗಳು ಚದುರಿಹೋಗುತ್ತವೆ, ಅಷ್ಟು ದುಡ್ಡು ಹಾಕುವವರು ಇದನ್ನು ನೆನಪಿಡಬೇಕು.

ದರೋಜಿಗೆ ಹಂಪಿ ನೋಡಲು ಹೋದವರು ಕಮಲಾಪುರದ ಮೇಲೆ ಹಾಯಬಹುದು. 1994ರಲ್ಲಿ ಆದ ಕರಡಿಧಾಮ. ಇಲ್ಲಿ ಸುತ್ತಾಟವಿಲ್ಲ. ವೀಕ್ಷಣಾ ಗೋಪುರದಲ್ಲಿ ಕೂತು ಎದುರಿನ ಬಂಡೆಗುಡ್ಡ ನೋಡುತ್ತಿರಬೇಕು. "ಸುಮ್ಕ ಕುಂದರ್ರಿ, ತಾವಾಗೇ ಬರ್ತಾವ," ಎಂದರು ಕಾವಲಿನವರು. ಮುಕ್ಕಾಲು ಗಂಟೆ ನವಿಲು ಬಿಟ್ಟರೆ ಏನೂ ಇಲ್ಲ. ಆಮೇಲೆ ಬಂಡೆಗಳ ಸಂದಿಯಿಂದ ಒಂದು ತಾಯಿ ಕರಡಿ ಇಳಿಯಿತು, ಬೆನ್ನ ಮೇಲೆ ಮರಿ. ಮಗಳು ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಉಗುರಿನ ಗುರುತು ಉಳಿಯಿತು. ಬಂಡೆಗೆ ಬೆಲ್ಲದ ಪಾಕ ಸವರಿ ಕರಡಿಗಳನ್ನು ಬರಮಾಡಿಕೊಳ್ಳುವ ರೂಢಿ ಇದೆ, ಅದು ನನಗೆ ಇಂದಿಗೂ ಸರಿಬಂದಿಲ್ಲ. ಗೆದ್ದಲು, ಹಣ್ಣು, ಜೇನು ಹುಡುಕಿ ತಿನ್ನುವ ಪ್ರಾಣಿಗೆ ನಾವು ಊಟದ ಹೊತ್ತು ಗೊತ್ತುಮಾಡಬೇಕೆ? ದುರ್ಬೀನು ಇಲ್ಲದಿದ್ದರೆ ಕಾಣುವುದೂ ಕಡಿಮೆ.

ರಂಗನತಿಟ್ಟಿನ ಬಗ್ಗೆ ನನಗೆ ತಕರಾರೇ ಇಲ್ಲ. ಒಂದು ಚದರ ಕಿಲೋಮೀಟರೂ ಇಲ್ಲದ ಜಾಗ. ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಹುಟ್ಟು ಹಾಕುವವರೇ ವಿವರಿಸುವವರೂ ಆದ್ದರಿಂದ ಏನಾದರೂ ಕಂಡರೆ ದೋಣಿ ತಾನಾಗಿಯೇ ನಿಧಾನವಾಗುತ್ತದೆ. ಗೂಡುಗಳು ಎಷ್ಟು ಹತ್ತಿರವೆಂದರೆ ದುರ್ಬೀನು ಚೀಲದಿಂದ ಹೊರಬರಲೇ ಇಲ್ಲ. "ಅವ್ವಾ, ಕೈ ಒಳಕ್ಕಿಟ್ಕಳಿ," ಎಂದು ದೋಣಿಯವರು ಹೇಳಿದ ಮೇಲೇ ಅಮ್ಮನಿಗೆ ಪಕ್ಕದ ಬಂಡೆಯ ಮೇಲಿದ್ದುದು ಮೊಸಳೆ ಎಂದು ಗೊತ್ತಾಗಿದ್ದು. ಬಾಯ್ಕಳಕ ಎಂಬ ಕೊಕ್ಕರೆಯ ಕೊಕ್ಕಿನ ನಡುವಿನ ಸಂದನ್ನು ತೋರಿಸಿ ಅವರು ಮಗಳಿಗೆ ಹೇಳಿದರು: "ಬಸವನಹುಳ ಹಿಡಿಯೋಕೆ ಮಗಾ ಅದು. ಮರೀಗೆ ಸಂದೇ ಇರಕಿಲ್ಲ, ಬೆಳೀತಾ ಬೆಳೀತಾ ಆಯ್ತದೆ." ಆಮೇಲೆ ಮಗಳು ಪ್ರತಿ ಗೂಡಿನಲ್ಲೂ ಮರಿಯ ಕೊಕ್ಕನ್ನೇ ಹುಡುಕಿದಳು. ಕೆಲವು ತಿಂಗಳ ಮೇಲೆ ಮಂಡ್ಯದ ಬಳಿ ಗದ್ದೆಯಲ್ಲಿ ನಿಂತಿದ್ದ ಹಕ್ಕಿಯನ್ನು ಕಾರಿನ ಕಿಟಕಿಯಿಂದ ನೋಡಿ "ಬಾಯ್ಕಳಕ ಕಣೋ," ಎಂದವರು ಅಮ್ಮ.

ಆದ್ದರಿಂದ ಮಕ್ಕಳು, ಹಿರಿಯರು ಜೊತೆಗಿದ್ದರೆ ನಾನು ಮೊದಲು ಹೇಳುವುದು ರಂಗನತಿಟ್ಟು. ಸುಮ್ಮನೆ ಕೂರಬಲ್ಲ ಮಕ್ಕಳಾದರೆ ದರೋಜಿ. ಕೈಯಲ್ಲಿ ದುಡ್ಡಿದ್ದು ಬೇಸಿಗೆ ರಜೆಯೂ ಸಿಕ್ಕರೆ ಕಬಿನಿ. ಬಸ್ಸಿಗೆ ಮತ್ತೆ ಹೋದರೆ ಬೆಳಗಿನ ಮೊದಲ ಸುತ್ತಿಗೇ ಹೋಗುತ್ತೇನೆ, ಕಾಟಿ ಕಂಡಲ್ಲಿ ನಿಲ್ಲಿಸಿ ಎಂದು ಹತ್ತುವಾಗಲೇ ಕೇಳಿಕೊಳ್ಳುತ್ತೇನೆ. ರಂಗನತಿಟ್ಟಿಗೆ ಜನವರಿಯಿಂದ ಮಾರ್ಚ್ ಒಳಗೆ, ಬೆಳಗ್ಗೆಯೇ ಹೋಗಿ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ.