ಪಿಡಿಬಿ ಫೈಲ್ ಹಸನು ಮಾಡಲು ನಾಲ್ಕು ದಾರಿ: ಗ್ರೆಪ್, ಆಕ್, ಪಿಡಿಬಿ-ಟೂಲ್ಸ್, ಜೆಮ್ಮಿ

ಡಾಕಿಂಗ್ (ಸಣ್ಣ ಅಣು ಪ್ರೊಟೀನಿನಲ್ಲಿ ಹೇಗೆ ಕೂರುತ್ತದೆ ಎಂದು ಕಂಪ್ಯೂಟರಿನಲ್ಲಿ ನೋಡುವುದು) ಶುರು ಮಾಡುವ ಮುಂಚೆ ಪ್ರೊಟೀನಿನ ಫೈಲ್ ಹಸನು ಮಾಡಲೇಬೇಕು. ಪ್ರೊಟೀನ್ ರಚನೆಗಳ ಸಂಗ್ರಹವಾದ ಪ್ರೊಟೀನ್ ಡೇಟಾ ಬ್ಯಾಂಕಿನಿಂದ (ಪಿಡಿಬಿ) ಇಳಿಸಿಕೊಂಡ ರಚನೆಯಲ್ಲಿ ನಮಗೆ ಬೇಕಾದ ಅಮೈನೋ ಆಮ್ಲಗಳ ಸರಪಳಿಯ ಜೊತೆ ನೀರು, ಅಯಾನುಗಳು, ಹರಳು ಬೆಳೆಸುವಾಗ ಬೆರೆತ ರಾಸಾಯನಿಕ ಎಲ್ಲವೂ ಇರುತ್ತವೆ. ಧಾರವಾಡದಲ್ಲಿ ನನ್ನ ಹತ್ತಿರ ಪ್ರಾಜೆಕ್ಟ್‌ಗೆ ಬರುವ ಎಂ.ಎಸ್ಸಿ. ಹುಡುಗರ ಲ್ಯಾಪ್‌ಟಾಪ್‌ಗಳು ಬಹುಪಾಲು ಹಳೆಯವು. ರಚನೆಯ ಚಿತ್ರ ತೋರಿಸುವ ದೊಡ್ಡ ಸಾಫ್ಟ್‌ವೇರ್ ತೆರೆದು ಒಂದೊಂದೇ ಫೈಲ್ ಕ್ಲಿಕ್ ಮಾಡುತ್ತ ಕೂತರೆ ಸೆಮಿಸ್ಟರ್ ಮುಗಿದುಹೋಗುತ್ತದೆ. ಹಾಗಾಗಿ ಆಜ್ಞೆ ಟೈಪ್ ಮಾಡುವ ಟರ್ಮಿನಲ್ಲೇ ಗತಿ. ಅಲ್ಲಿರುವ ನಾಲ್ಕು ದಾರಿಗಳನ್ನೂ ಎರಡು ರಚನೆಗಳ ಮೇಲೆ ಓಡಿಸಿ ನೋಡಿದೆ: ಹಿಮೋಗ್ಲೋಬಿನ್ (ಬ್ಯಾಂಕಿನ ಸಂಕೇತ 4ಎಚ್‌ಎಚ್‌ಬಿ), ಕ್ಯಾಲ್ಸಿಯಂ ಹಿಡಿಯುವ ಕ್ಯಾಲ್ಮಾಡ್ಯುಲಿನ್ (1ಸಿಎಲ್‌ಎಲ್).

ಪಿಡಿಬಿ ಫೈಲಿನಲ್ಲಿ ಅರ್ಥ ಇರುವುದು ಅಕ್ಷರ ಕೂತ ಜಾಗದಲ್ಲಿ. ಹುಬ್ಬಳ್ಳಿ ಎಪಿಎಂಸಿಯ ಅಡತಿ ಅಂಗಡಿಯ ಕಿರ್ದಿ ಪುಸ್ತಕದಲ್ಲಿ ಅದೇ 500 ಜಮಾ ಕಡೆ ಬರೆದರೆ ಒಂದು ಲೆಕ್ಕ, ಖರ್ಚಿನ ಕಡೆ ಬರೆದರೆ ಇನ್ನೊಂದು ಲೆಕ್ಕ, ಇಲ್ಲೂ ಹಾಗೇ. 13ರಿಂದ 16ನೇ ಜಾಗ ಪರಮಾಣುವಿನ ಹೆಸರಿಗೆ, 17 ಪರ್ಯಾಯ ಸ್ಥಾನದ (ಒಂದೇ ಪರಮಾಣು ಒಂದಕ್ಕಿಂತ ಹೆಚ್ಚು ಕಡೆ ಕಂಡಾಗ) ಗುರುತಿಗೆ, 18ರಿಂದ 20 ಅಮೈನೋ ಆಮ್ಲದ ಹೆಸರಿಗೆ, 22 ಸರಪಳಿಗೆ, 31ರಿಂದ 54 ಎಕ್ಸ್, ವೈ, ಝಡ್‌ಗೆ ಮೀಸಲು. ‘ಸಿ, ಎ’ ಎಂಬ ಎರಡು ಅಕ್ಷರ 14ನೇ ಜಾಗದಿಂದ ಶುರುವಾದರೆ ಆಲ್ಫಾ ಕಾರ್ಬನ್ (ಪ್ರತಿ ಅಮೈನೋ ಆಮ್ಲಕ್ಕೂ ಒಂದರಂತೆ ಇರುವ ನಡುವಿನ ಕಾರ್ಬನ್), 13ರಿಂದ ಶುರುವಾದರೆ ಕ್ಯಾಲ್ಸಿಯಂ. ಒಂದು ಖಾಲಿ ಜಾಗದ ವ್ಯತ್ಯಾಸ, ಅಷ್ಟೇ.

ಗ್ರೆಪ್‌ಗೆ ಈ ಜಾಗದ ಲೆಕ್ಕ ಗೊತ್ತಿಲ್ಲ, ಹೇಳಿದ ಪದ ಇರುವ ಸಾಲುಗಳನ್ನು ಹುಡುಕಿ ಕೊಡುವುದಷ್ಟೇ ಅದರ ಕೆಲಸ. ವೇಗದಲ್ಲಿ ಅದನ್ನು ಮೀರಿಸುವುದು ಕಷ್ಟ, ಎಲ್ಲ ಲಿನಕ್ಸ್‌ನಲ್ಲೂ ಮೊದಲೇ ಇರುತ್ತದೆ, ನೀರು ಎಷ್ಟಿದೆ ಎಂದು ಎಣಿಸಲು ಅದೇ ಸಾಕು. ಆದರೆ ‘ಆಟಂ’ ಎಂದು ಶುರುವಾಗುವ ಸಾಲುಗಳನ್ನಷ್ಟೇ ಉಳಿಸಿಕೊಳ್ಳುವ ನಮ್ಮ ಕಡೆಯ ಜನಪ್ರಿಯ ಉಪಾಯವನ್ನು 4ಎಚ್‌ಎಚ್‌ಬಿ ಮೇಲೆ ಹಾಕಿದರೆ ನೀರಿನ ಜೊತೆ ಆಮ್ಲಜನಕ ಹಿಡಿಯುವ ಹೀಮ್ ಕೂಡ ಹೋಗುತ್ತದೆ, ಅದರ ಕಬ್ಬಿಣ ಸಮೇತ. ಸೆಲೆನೋಮೆಥಿಯೋನಿನ್ (ಗಂಧಕದ ಜಾಗದಲ್ಲಿ ಸೆಲೆನಿಯಂ ಇರುವ ಮೆಥಿಯೋನಿನ್) ಇರುವ ರಚನೆಯಲ್ಲಂತೂ ಸರಪಳಿಯ ನಟ್ಟನಡುವೆ ತೂತು ಬೀಳುತ್ತದೆ, ಏಕೆಂದರೆ ಆ ಅಮೈನೋ ಆಮ್ಲವನ್ನು ಮಾಮೂಲಿ ಅಲ್ಲದ ಘಟಕಗಳಿಗೆ ಮೀಸಲಾದ ‘ಹೆಟ್‌ಆಟಂ’ ಸಾಲುಗಳಲ್ಲಿ ಬರೆದಿರುತ್ತಾರೆ. ಎನ್‌ಎಂಆರ್ (ಕಾಂತೀಯ ಅನುರಣನದಿಂದ ತಿಳಿದ) ರಚನೆಯಾದರೆ ಒಂದೇ ಪ್ರೊಟೀನಿನ ಹಲವು ಮಾಡೆಲ್‌ಗಳ ನಡುವಿನ ಗಡಿ ಸಾಲುಗಳೇ ಅಳಿಸಿಹೋಗಿ ಎಲ್ಲ ಮಾಡೆಲ್‌ಗಳೂ ಒಂದರ ಮೇಲೊಂದು ಬೀಳುತ್ತವೆ. ಇದ್ಯಾವುದಕ್ಕೂ ಎರರ್ ಬರುವುದಿಲ್ಲ. ನನ್ನನ್ನು ನಿಜಕ್ಕೂ ಕಾಡುವುದು ಅದೇ.

ಫೈಲನ್ನು ಸಾಲುಸಾಲಾಗಿ ಓದಿ ಸೋಸುವ ಆಕ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅದನ್ನು ಎರಡು ರೀತಿ ಬಳಸಬಹುದು, ಎರಡರ ಫಲವೂ ಬೇರೆ. ಮೊದಲನೆಯದು, ಖಾಲಿ ಜಾಗ ನೋಡಿ ಪದ ಒಡೆದು ‘ಐದನೇ ಪದ ಎ ಇದ್ದರೆ ಉಳಿಸು’ ಎನ್ನುವುದು. ಸಣ್ಣ ಪ್ರೊಟೀನಿಗೆ ಇದು ನಡೆಯುತ್ತದೆ. ಅಮೈನೋ ಆಮ್ಲದ ಸಂಖ್ಯೆ 1000 ಮುಟ್ಟಿತೋ, ಸರಪಳಿಯ ಅಕ್ಷರಕ್ಕೆ ಅಂಟಿಕೊಂಡು ‘ಎ1000’ ಎಂದು ಒಂದೇ ಪದವಾಗುತ್ತದೆ. ಅಲ್ಲಿಂದ ಮುಂದಿನದೆಲ್ಲ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಪರಮಾಣುವಿನ ಕ್ರಮಸಂಖ್ಯೆ 10000 ದಾಟಿದಾಗ ‘ಹೆಟ್‌ಆಟಂ’ ಜೊತೆ ಅದೂ ಹೀಗೇ ಅಂಟುತ್ತದೆ. ಇದಕ್ಕಿಂತ ಕೆಟ್ಟದ್ದು, ಸರಪಳಿಯ ಹೆಸರು ಬದಲಿಸಲು ಐದನೇ ಪದಕ್ಕೆ ಹೊಸ ಬೆಲೆ ಕೊಡುವುದು. ಆಗ ಆಕ್ ಇಡೀ ಸಾಲನ್ನು ಒಂದೊಂದೇ ಖಾಲಿ ಜಾಗ ಬಿಟ್ಟು ಮತ್ತೆ ಜೋಡಿಸುತ್ತದೆ, ಕಾಲಂಗಳೆಲ್ಲ ಎಡಕ್ಕೆ ಸರಿದುಬಿಡುತ್ತವೆ. ಕಣ್ಣಿಗೆ ಫೈಲ್ ಚೆನ್ನಾಗಿಯೇ ಕಾಣುತ್ತದೆ, ಮುಂದಿನ ಪ್ರೋಗ್ರಾಂ ಓದುವುದು ಮಾತ್ರ ಬೇರೆಯೇ.

ಎರಡನೆಯದು, ಸಬ್‌ಸ್ಟ್ರಿಂಗ್ ಬಳಸಿ ನೇರವಾಗಿ 22ನೇ ಅಕ್ಷರವನ್ನೇ ಕೇಳುವುದು, ಸಾಲನ್ನು ಮುಟ್ಟದೆ ಹಾಗೇ ಹೊರಕ್ಕೆ ಬಿಡುವುದು. ಇದು ಗಟ್ಟಿ. ಸಂಖ್ಯೆ ನೋಡಿ ಸೋಸುವ ಕೆಲಸಕ್ಕೆ ಇದರಷ್ಟು ಕೈಗೆ ಒಗ್ಗುವುದು ನನಗೆ ಬೇರೆ ಸಿಕ್ಕಿಲ್ಲ. ಎಐ ಊಹಿಸಿದ ರಚನೆಯ, ಅಂದರೆ ಆಲ್ಫಾಫೋಲ್ಡ್‌ನ, ಫೈಲಿನಲ್ಲಿ 61ರಿಂದ 66ನೇ ಜಾಗದಲ್ಲಿ, ಅಂದರೆ ಬಿ-ಫ್ಯಾಕ್ಟರ್ (ಪರಮಾಣು ಎಷ್ಟು ಅಲುಗುತ್ತದೆ ಎಂಬ ಅಂಕಿ) ಇರಬೇಕಾದಲ್ಲಿ, ವಿಶ್ವಾಸದ ಅಂಕ ಇರುತ್ತದೆ. 70ಕ್ಕಿಂತ ಕಡಿಮೆ ಇರುವ ಭಾಗವನ್ನು ಒಂದೇ ಸಾಲಿನ ಆಕ್ ತೆಗೆದುಹಾಕುತ್ತದೆ. ಹೀಮ್‌ನ ಕಬ್ಬಿಣದಿಂದ 5 ಆಂಗ್‌ಸ್ಟ್ರಾಂ ಒಳಗಿನ ಪರಮಾಣು ಯಾವುವು ಎಂಬುದಕ್ಕೂ ಎರಡು ಮೂರು ಸಾಲು ಸಾಕು.

ಪಿಡಿಬಿ-ಟೂಲ್ಸ್ ಎಂಬುದು ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಬೊನ್ವಿನ್ ಪ್ರಯೋಗಾಲಯದಿಂದ ಬಂದ ಪೈಥಾನ್ ಸಲಕರಣೆಗಳ ಕಟ್ಟು. ಸರಪಳಿ ಆರಿಸಲು ಒಂದು, ನೀರು ತೆಗೆಯಲು ಒಂದು, ಪರ್ಯಾಯ ಸ್ಥಾನಗಳಲ್ಲಿ ಹೆಚ್ಚು ಆಕ್ಯುಪೆನ್ಸಿ (ಪರಮಾಣು ಆ ಸ್ಥಾನದಲ್ಲಿರುವ ಪಾಲು) ಇರುವುದನ್ನು ಇಟ್ಟುಕೊಳ್ಳಲು ಒಂದು, ಕೊನೆಗೆ ಫೈಲನ್ನು ನೆಟ್ಟಗೆ ಮಾಡುವ ‘ಟೈಡಿ’ ಒಂದು. ಪೈಪ್ ಹಾಕಿ ಒಂದಕ್ಕೊಂದು ಜೋಡಿಸಿದರೆ ಆಯಿತು. ಬೇರೆ ಲೈಬ್ರರಿ ಬೇಡ. ಒಮ್ಮೆ ಹಾಕಿಕೊಂಡರೆ ನೆಟ್ ಇಲ್ಲದ ಊರಲ್ಲೂ ನಡೆಯುತ್ತದೆ, ರಜೆಗೆ ಹಳ್ಳಿಗೆ ಹೋಗುವ ಹುಡುಗರಿಗೆ ಇದು ದೊಡ್ಡ ಅನುಕೂಲ. ಸಾವಿರಾರು ಮಾಡೆಲ್ ಇರುವ ಫೈಲಿಗೆ ಮಾತ್ರ ನಿಧಾನ.

ಆದರೆ ಇದೂ ಕಣ್ಣು ಮುಚ್ಚಿ ನಂಬುವಂಥದ್ದಲ್ಲ. ಗದಗಿನಿಂದ ಬರುವ ವಿದ್ಯಾರ್ಥಿನಿಯೊಬ್ಬಳು 1ಸಿಎಲ್‌ಎಲ್‌ನಿಂದ ಆಲ್ಫಾ ಕಾರ್ಬನ್ ಆರಿಸಿ, “ಸರ್, ಅಮೈನೋ ಆಸಿಡ್‌ಗಿಂತ ನಾಕು ಜಾಸ್ತಿ ಬರಾಕತ್ತಾವ್ರೀ” ಎಂದಳು. “ಕಡೀ ನಾಕ್ ಸಾಲ್ ನೋಡ್ ತಂಗಿ, ಅವು ಕ್ಯಾಲ್ಸಿಯಂ ಅದಾವು” ಎಂದೆ. ಹೆಸರಿನಿಂದ ಆರಿಸುವ ಸಲಕರಣೆ ಖಾಲಿ ಜಾಗವನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ ಎಂದು ಅದರ ಸಹಾಯ ಪುಟದಲ್ಲೇ ಬರೆದಿದೆ. ಅದರ ಮುಂದೆ ಮೂಲಧಾತು ಆರಿಸುವ ಸಲಕರಣೆ ಸೇರಿಸಿ ಕಾರ್ಬನ್ ಮಾತ್ರ ಬಿಡು ಎಂದರೆ ಲೆಕ್ಕ ಸರಿಹೋಗುತ್ತದೆ.

ರಚನೆಯ ಫೈಲುಗಳಿಗೆಂದೇ ಬರೆದ ಪ್ರೋಗ್ರಾಂ ಆದ ಜೆಮ್ಮಿಯಲ್ಲಿ ಈ ತೊಂದರೆಗೆ ಜಾಗವೇ ಇಲ್ಲ. ಆಯ್ಕೆ ಬರೆಯುವಾಗಲೇ ಹೆಸರಿನ ಪಕ್ಕ ಚೌಕ ಆವರಣದಲ್ಲಿ ಮೂಲಧಾತು ಹೇಳಬಹುದು. ನೀರು ತೆಗೆಯಲು, ಲಿಗ್ಯಾಂಡ್ (ಪ್ರೊಟೀನಿಗೆ ಅಂಟಿದ ಸಣ್ಣ ಅಣು) ಮತ್ತು ನೀರು ಎರಡನ್ನೂ ತೆಗೆಯಲು, ಹೈಡ್ರೋಜನ್ ತೆಗೆಯಲು ಬೇರೆ ಬೇರೆ ಆಪ್ಷನ್‌ಗಳಿವೆ, ಒತ್ತಿದ ಜಿಝಿಪ್ ಫೈಲನ್ನೂ ನೇರ ಓದುತ್ತದೆ. ಆಯ್ಕೆಯ ಭಾಷೆ ಮೊದಲ ವಾರ ತಲೆ ತಿನ್ನುತ್ತದೆ, ನಿಜ.

ಆದರೂ ಜೆಮ್ಮಿ ಕಲಿಯಿರಿ ಎಂದು ಒತ್ತಾಯ ಮಾಡುತ್ತೇನೆ, ಕಾರಣ ಎಂಎಂಸಿಐಎಫ್ ಎಂಬ ಹೊಸ ಫೈಲ್ ವಿನ್ಯಾಸ. ಹಳೆಯ ಪಿಡಿಬಿ ವಿನ್ಯಾಸದಲ್ಲಿ 99,999ಕ್ಕಿಂತ ಹೆಚ್ಚು ಪರಮಾಣು, 62ಕ್ಕಿಂತ ಹೆಚ್ಚು ಸರಪಳಿ ಹಿಡಿಸುವುದಿಲ್ಲ. ರೈಬೋಸೋಮಿನಂಥ ದೊಡ್ಡ ರಚನೆ ಆ ರೂಪದಲ್ಲಿ ಒಂದೇ ಫೈಲಾಗಿ ಸಿಗುವುದೇ ಇಲ್ಲ. 2019ರ ಜುಲೈನಿಂದ ಹರಳಿನ ರಚನೆಗಳನ್ನು ಎಂಎಂಸಿಐಎಫ್‌ನಲ್ಲೇ ಒಪ್ಪಿಸಬೇಕು. ಇದರಲ್ಲಿ ಕಾಲಂಗಳ ಕ್ರಮ ಖಾಯಂ ಅಲ್ಲ, ಹೀಗಾಗಿ ಪಿಡಿಬಿಗೆ ಬರೆದ ಆಕ್ ಸಾಲುಗಳು ಇಲ್ಲಿ ಕೆಲಸಕ್ಕೆ ಬಾರವು. ಮೇಲಾಗಿ ಪ್ರತಿ ಸರಪಳಿಗೂ ಎರಡು ಹೆಸರು: ಲೇಖಕರು ಇಟ್ಟದ್ದು ಒಂದು, ಬ್ಯಾಂಕು ಇಟ್ಟದ್ದು ಇನ್ನೊಂದು. ಲೇಖಕರ ಲೆಕ್ಕದಲ್ಲಿ ‘ಎ’ ಸರಪಳಿಯಲ್ಲಿರುವ ಹೀಮ್‌ಗೆ ಬ್ಯಾಂಕಿನ ಲೆಕ್ಕದಲ್ಲಿ ಬೇರೆಯೇ ಅಕ್ಷರ. ಜೆಮ್ಮಿ ಲೇಖಕರ ಹೆಸರನ್ನೇ ಹಿಡಿಯುವುದರಿಂದ ಹೀಮ್ ತನ್ನ ಸರಪಳಿ ಬಿಟ್ಟು ಹೋಗುವುದಿಲ್ಲ.

ಈಗ ನಮ್ಮಲ್ಲಿ ದಿನದ ಕೆಲಸ ಪಿಡಿಬಿ-ಟೂಲ್ಸ್‌ನಲ್ಲಿ, ಅಂಕಿಯ ಪ್ರಶ್ನೆ ಆಕ್‌ನಲ್ಲಿ, ಎಂಎಂಸಿಐಎಫ್ ಬಂದರೆ ಜೆಮ್ಮಿ. ಹೊಸ ಸ್ಕ್ರಿಪ್ಟ್ ಬರೆದವರು ಮೊದಲು ಅದನ್ನು 4ಎಚ್‌ಎಚ್‌ಬಿ ಮೇಲೆ ಓಡಿಸಿ ತೋರಿಸಬೇಕು: 141ರ ಎರಡು ಸರಪಳಿ, 146ರ ಎರಡು, ಒಟ್ಟು 574 ಆಲ್ಫಾ ಕಾರ್ಬನ್, ಜೊತೆಗೆ ನಾಲ್ಕು ಕಬ್ಬಿಣ. ಲೆಕ್ಕ ಕೂಡಿದ ಮೇಲೆಯೇ ಅವರ ಸ್ವಂತ ಪ್ರೊಟೀನ್ ಮುಟ್ಟಲು ಬಿಡುತ್ತೇನೆ.