ಆಟೋ ಟ್ಯೂನರ್ ವರ್ಟಿಕಲ್ ಬುಡದಲ್ಲೇ ಇರಲಿ

ತುಮಕೂರಿನ ನಮ್ಮ ಮನೆ ತಾರಸಿಯಲ್ಲಿ ಹ್ಯಾಮ್ (ಹವ್ಯಾಸಿ) ರೇಡಿಯೊಗಾಗಿ 7 ಮೀಟರ್ ಎತ್ತರದ ವರ್ಟಿಕಲ್, ಅಂದರೆ ನೆಟ್ಟಗೆ ನಿಲ್ಲಿಸಿದ ಆಂಟೆನಾ ಇದೆ. ಮೊದಲು ಆಟೋ ಟ್ಯೂನರನ್ನು (ಆಂಟೆನಾವನ್ನು ರೇಡಿಯೊಗೆ ತಾನೇ ಹೊಂದಿಸುವ ಪೆಟ್ಟಿಗೆ) ಕೆಳಗೆ ರೇಡಿಯೊ ಪಕ್ಕ ಇಟ್ಟಿದ್ದೆ. ಎಸ್‌ಡಬ್ಲ್ಯುಆರ್ (ಪವರ್ ಎಷ್ಟು ವಾಪಸ್ ಬರುತ್ತಿದೆ ಎಂಬುದರ ಅಳತೆ, 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು) 1.2 ತೋರಿಸುತ್ತಿತ್ತು, ಆದರೆ 7 ಮೆಗಾಹರ್ಟ್ಸ್‌ನಲ್ಲಿ ಎಷ್ಟು ಕರೆದರೂ ಉತ್ತರವಿಲ್ಲ. ಟ್ಯೂನರ್ ಸರಿ ಮಾಡುವುದು ರೇಡಿಯೊ ಕಡೆಯನ್ನು ಮಾತ್ರ ಅಲ್ವಾ, ಅಲ್ಲಿಂದ ಆಂಟೆನಾವರೆಗಿನ ಕೇಬಲ್‌ನಲ್ಲಿ ಎಸ್‌ಡಬ್ಲ್ಯುಆರ್ ಹೆಚ್ಚಾಗಿಯೇ ಉಳಿದು ಪವರ್ ಸುಮ್ನೆ ಬಿಸಿಯಾಗಿ ಹೋಗುತ್ತದೆ.

ಈಗ ಮಳೆನೀರು ತಡೆಯುವ ಟ್ಯೂನರನ್ನೇ ಆಂಟೆನಾ ಬುಡಕ್ಕೆ ಕಟ್ಟಿ, ತಾರಸಿ ತುಂಬ 16 ರೇಡಿಯಲ್ ತಂತಿ (ಆಂಟೆನಾ ಬುಡದಿಂದ ಸುತ್ತಲೂ ಹರಡಿ, ಅದಕ್ಕೆ ನೆಲದಂತೆ ಕೆಲಸ ಮಾಡುವ ತಂತಿ) ಹಾಸಿದ್ದೇನೆ. ವ್ಯತ್ಯಾಸ ತುಂಬಾ ಜಾಸ್ತಿ! ಕೆಲವೇ ಸೆಕೆಂಡಿನಲ್ಲಿ ರಿಲೇಗಳು ಟಕಟಕ ಅಂದು ಟ್ಯೂನ್ ಆಗುತ್ತದೆ, ಕರೆದರೆ ಉತ್ತರ ಬರುತ್ತದೆ. 21 ಮೆಗಾಹರ್ಟ್ಸ್‌ನಲ್ಲಿ ಮಾತ್ರ ಒದ್ದಾಡುತ್ತದೆ, ಅಲ್ಲಿ 7 ಮೀಟರ್ ಅಂದರೆ ಹೆಚ್ಚುಕಡಿಮೆ ಅರ್ಧ ತರಂಗ, ಆಗ ಬುಡದಲ್ಲಿ ರೋಧ ತುಂಬಾ ಜಾಸ್ತಿಯಾಗಿ ಟ್ಯೂನರಿಗೆ ಹೊಂದಿಸುವುದು ಕಷ್ಟ. ಟ್ಯೂನ್ ಮಾಡುವಾಗ 10 ವಾಟ್ ಸಾಕು. ರೇಡಿಯಲ್ ಹಾಸುವುದಿಲ್ಲ ಅಂದರೆ ಮಾತ್ರ ಇಂಥ ಟ್ಯೂನರ್ ಕೊಳ್ಳಬೇಡಿ.