ಎಸ್‌ಎಂಪಿಎಸ್ ಬದಲಿಸುವಾಗ ಹಳೆಯ ಕೇಬಲ್ ಉಳಿಸಿಕೊಳ್ಳಬೇಡಿ

ಹೊಸ ಎಸ್‌ಎಂಪಿಎಸ್‌ಗೆ (ಕಂಪ್ಯೂಟರ್ ಒಳಗಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಡಬ್ಬ) ಹಳೆಯದರ ಕೇಬಲ್ ಚುಚ್ಚಬೇಡಿ. ಎರಡೂ ಒಂದೇ ಕಂಪನಿಯವಾದರೂ ಬೇಡ. ಅವಸರದಲ್ಲಿರುವವರಿಗೆ ಇಷ್ಟು ಸಾಕು. ನಾನು ಹೇಗೆ ಕೈ ಸುಟ್ಟುಕೊಂಡೆ ಅಂತ ತಿಳಿಯಬೇಕಿದ್ದರೆ ಮುಂದೆ ಓದಿ.

ನಾನೇ ಕೂತು ಜೋಡಿಸಿದ ಗೇಮಿಂಗ್ ಕಂಪ್ಯೂಟರ್ ಅದು. 2 ವರ್ಷ ಒಂದು ದಿನವೂ ತಕರಾರು ಮಾಡಿರಲಿಲ್ಲ. ಆಮೇಲೆ ದೊಡ್ಡದೊಂದು ಗ್ರಾಫಿಕ್ಸ್ ಕಾರ್ಡ್ ಹಾಕಿದೆ. ವಾರವಿಡೀ ಚೆನ್ನಾಗಿತ್ತು. ಒಂದು ರಾತ್ರಿ ಆಟದ ನಡುವೆ ಟಕ್ ಅಂತ ಸದ್ದು. ಪರದೆ ಕಪ್ಪಾಯಿತು, ಫ್ಯಾನುಗಳೂ ನಿಂತವು. ವಿಂಡೋಸ್ ಕೈಕೊಟ್ಟಾಗ ಬರುವ ನೀಲಿ ಪರದೆ ಬರಲಿಲ್ಲ. ಕರೆಂಟ್ ಹೋಯಿತೇನೋ ಅಂದುಕೊಂಡೆ, ಆದರೆ ತಲೆಯ ಮೇಲೆ ದೀಪ ಉರಿಯುತ್ತಲೇ ಇತ್ತು.

ಪವರ್ ಬಟನ್ ಒತ್ತಿದರೆ ಉಸಿರೇ ಇಲ್ಲ. ಎಸ್‌ಎಂಪಿಎಸ್‌ನ ಹಿಂದಿರುವ ಸ್ವಿಚ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದ ಮೇಲೆ ಎದ್ದು ಕೂತಿತು. ಈ ಸುಳಿವು ಒಂದನ್ನು ಹಿಡಿದಿದ್ದರೆ 3 ವಾರ ಉಳಿಯುತ್ತಿತ್ತು. ಎಸ್‌ಎಂಪಿಎಸ್ ಒಳಗೆ ರಕ್ಷಣೆಗೆ ಅಂತ ಒಂದು ಸರ್ಕ್ಯೂಟ್ ಇರುತ್ತದೆ. ಕರೆಂಟ್ ಎಳೆತ ಮಿತಿ ಮೀರಿದರೆ ಅದು ಎಲ್ಲವನ್ನೂ ಬಂದ್ ಮಾಡಿ ಹಾಗೇ ಬೀಗ ಹಾಕಿಕೊಂಡುಬಿಡುತ್ತದೆ. ಹಿಂದಿನ ಸ್ವಿಚ್ ಆಫ್ ಮಾಡಿ ಮತ್ತೆ ಹಾಕಿದರೆ ಬೀಗ ಬಿಡುತ್ತದೆ.

ನಾನೋ, ವಿಂಡೋಸ್‌ನ ದೋಷಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದೆ. ಕೆಂಪು ಗುರುತಿನ ಜೊತೆ ಕರ್ನಲ್ ಪವರ್ 41 ಅಂತ ಇತ್ತು. ಕಳ್ಳ ಸಿಕ್ಕಿಬಿದ್ದ ಅಂತ ಖುಷಿಯಾಯಿತು. ಓದಿ ನೋಡಿದರೆ, ಕಳೆದ ಸಲ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಿಲ್ಲ ಅನ್ನುವುದಷ್ಟೇ ಅದರ ಸಾರ. ಅಯ್ಯೋ ಮಾರಾಯ, ಅದು ನನಗೂ ಗೊತ್ತು! ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ ಅಂತ ಒಂದು ಸಾಲು ಇರುತ್ತದೆ, ಅದನ್ನು ನೋಡಿ. ಅಲ್ಲಿ 0 ಇದ್ದರೆ ವಿಂಡೋಸ್‌ಗೆ ತಪ್ಪು ಬರೆದಿಡುವಷ್ಟೂ ಸಮಯ ಸಿಕ್ಕಿಲ್ಲ ಅಂತ ಅರ್ಥ. ಹೆಚ್ಚಿನ ಸಲ ಅದು ಪವರ್ ಕಡೆಗೇ ಬೊಟ್ಟು ಮಾಡುತ್ತದೆ. ನನ್ನದರಲ್ಲೂ 0 ಇತ್ತು. ನಾನು ಅದನ್ನು ದಾಟಿಕೊಂಡು ಹೋದೆ.

ಬಿಸಿ ಜಾಸ್ತಿಯಾಗಿರಬೇಕು ಅಂತ ಪ್ರೊಸೆಸರ್ ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸಿದೆ. ಪ್ರೊಸೆಸರ್ 75 ಡಿಗ್ರಿಯನ್ನೂ ದಾಟುತ್ತಿರಲಿಲ್ಲ, ಆದರೂ ಬದಲಿಸಿದೆ. ಈಗಿನ ಪ್ರೊಸೆಸರ್‌ಗಳು 95-100 ಡಿಗ್ರಿಯ ಹತ್ತಿರ ಹೋದಾಗ ಮೊದಲು ವೇಗ ತಗ್ಗಿಸಿಕೊಳ್ಳುತ್ತವೆ. ಆಟ ತಡವರಿಸುತ್ತದೆ, ನಮಗೆ ಗೊತ್ತಾಗುತ್ತದೆ. ರಾತ್ರಿಯಿಡೀ ಮೆಮ್‌ಟೆಸ್ಟ್86 ಓಡಿಸಿದೆ, ರ‍್ಯಾಮ್ ಸರಿಯಾಗಿತ್ತು. ಕೊನೆಗೆ ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕಿದೆ. ಅದನ್ನು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಉಪಯೋಗಕ್ಕೆ ಬಂದ ಪರೀಕ್ಷೆ ಒಂದೇ. ಗ್ರಾಫಿಕ್ಸ್ ಕಾರ್ಡಿನ ಪವರ್ ಲಿಮಿಟ್ ಅನ್ನು 70 ಪರ್ಸೆಂಟ್‌ಗೆ ಇಳಿಸಿ, ಫ್ರೇಮ್ ರೇಟ್ 60ಕ್ಕೆ ಕಟ್ಟಿಹಾಕಿ ಆಡಿದೆ. 2 ದಿನ ಒಂದು ಸಲವೂ ಆಫ್ ಆಗಲಿಲ್ಲ. ಮಿತಿ ತೆಗೆದೆ, 20 ನಿಮಿಷಕ್ಕೆ ಮತ್ತೆ ಟಕ್. ಇದಕ್ಕೆ ದುಡ್ಡು ಬೇಡ, ಏನನ್ನೂ ಬಿಚ್ಚಬೇಕಾಗಿಲ್ಲ. ಆಟದ ಮಧ್ಯೆ ಆಫ್ ಆಗುವವರು ಮೊದಲು ಇದನ್ನೇ ಮಾಡಿ.

ಕ್ಯಾಬಿನೆಟ್ ತೆರೆದರೆ ಇನ್ನೊಂದು ಎಡವಟ್ಟು. ಕಾರ್ಡಿಗೆ 2 ಎಂಟು ಪಿನ್ ಕನೆಕ್ಟರ್ ಬೇಕು. ಒಂದೊಂದಕ್ಕೂ 150 ವ್ಯಾಟ್ ಲೆಕ್ಕ. ನಾನು ಎರಡು ತಲೆಯ ಒಂದೇ ಕೇಬಲ್‌ನಿಂದ ಎರಡಕ್ಕೂ ಕೊಟ್ಟಿದ್ದೆ. ಬೇರೆ ಬೇರೆ ಕೇಬಲ್ ಎಳೆದ ಮೇಲೆ ಕಾಟ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ದೊಡ್ಡ ಕಾರ್ಡ್‌ಗಳು ಕಣ್ಣು ಮಿಟುಕಿಸುವುದರೊಳಗೆ ತಮ್ಮ ಸರಾಸರಿಯ ಸುಮಾರು ಎರಡು ಪಟ್ಟು ಎಳೆದು ಸುಮ್ಮನಾಗಬಲ್ಲವು. ಸಾಫ್ಟ್‌ವೇರ್‌ನಲ್ಲಿ ಕಾಣುವ ವ್ಯಾಟ್ ಅಂಕಿಯಲ್ಲಿ ಅದು ಸಿಗುವುದಿಲ್ಲ. ಈ ದಿಢೀರ್ ಎಳೆತವನ್ನು ತಡೆದುಕೊಳ್ಳಬೇಕು ಅನ್ನುವ ನಿಯಮ ಎಸ್‌ಎಂಪಿಎಸ್ ಹೇಗಿರಬೇಕು ಅಂತ ಹೇಳುವ ಮಾನದಂಡದ 2022ರ ಆವೃತ್ತಿ ಎಟಿಎಕ್ಸ್ 3.0ರಲ್ಲಿ ಬಂತು. ನನ್ನ ಎಸ್‌ಎಂಪಿಎಸ್ ಅದಕ್ಕಿಂತ ಹಳೆಯದು. ಸರಿ, ಹೊಸದು ತರಿಸಿದೆ.

ಅನಾಹುತ ಆಗಿದ್ದು ಇಲ್ಲಿ. ಮದರ್‌ಬೋರ್ಡ್, ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡಿನ ಕೇಬಲ್ ಎಲ್ಲ ಹೊಸದನ್ನೇ ಹಾಕಿದೆ. ಸಾಟಾ ಡ್ರೈವ್‌ಗಳಿಗೆ (ನನ್ನಲ್ಲಿ ಒಂದು ಹಾರ್ಡ್ ಡಿಸ್ಕ್, ಒಂದು ಎಸ್‌ಎಸ್‌ಡಿ) ಹೋಗುವ ಪವರ್ ಕೇಬಲ್ ಒಂದು ಮಾತ್ರ ಟ್ರೇ ಹಿಂದೆ, ಹತ್ತು ಟೈಗಳಲ್ಲಿ ಅಚ್ಚುಕಟ್ಟಾಗಿ ಕಟ್ಟಿತ್ತು. ಬಿಚ್ಚಲು ಬೇಜಾರು. ಹಳೆಯ ಎಸ್‌ಎಂಪಿಎಸ್‌ನಿಂದ ಅದರ ತುದಿ ಕಿತ್ತು ಹೊಸದಕ್ಕೆ ಚುಚ್ಚಿದೆ. ಕ್ಲಿಕ್ ಅಂತ ಕೂತಿತು. ಅಳತೆ ಮಾಡಿ ಮಾಡಿಸಿದ ಹಾಗಿತ್ತು.

ಸ್ವಿಚ್ ಹಾಕಿದೆ. ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತಿತು. ಮೂಗಿಗೆ ಸುಟ್ಟ ವಾಸನೆ ಬಂತು. ಆ ವಾಸನೆ ಗೊತ್ತಿದ್ದವರಿಗೆ ಜಾಸ್ತಿ ಹೇಳಬೇಕಾಗಿಲ್ಲ, ಅಲ್ವಾ?

ಡ್ರೈವ್ ಕಡೆಯ ಸಾಟಾ ತುದಿ ಎಲ್ಲ ಕಡೆಯೂ ಒಂದೇ ಅಳತೆ, ಒಂದೇ ಕ್ರಮ. ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥ ನಿಯಮವೇ ಇಲ್ಲ. ಯಾವ ಪಿನ್‌ನಲ್ಲಿ 5 ವೋಲ್ಟ್, ಯಾವುದರಲ್ಲಿ 12 ಅನ್ನುವುದು ತಯಾರಿಸಿದವರ ಇಷ್ಟ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆ ಇರಬಹುದು. ಪ್ಲಾಸ್ಟಿಕ್ ಆಕಾರ ಮಾತ್ರ ಹೊಂದಿಕೊಳ್ಳುತ್ತದೆ, ಅದೇ ಮೋಸ. ಮೊದಲೆಲ್ಲ ಕೆಂಪು ತಂತಿ 5, ಹಳದಿ ತಂತಿ 12 ಅಂತ ಬಣ್ಣದಿಂದಲಾದರೂ ತಿಳಿಯುತ್ತಿತ್ತು. ಈಗ ಚಂದಕ್ಕೆ ಎಲ್ಲವೂ ಕಪ್ಪು. ಆಮೇಲೆ ಡ್ರೈವ್‌ಗಳನ್ನು ಕಳಚಿ ಮಲ್ಟಿಮೀಟರ್ ಇಟ್ಟು ನೋಡಿದೆ. 5 ಇರಬೇಕಾದ ಕಡೆ 12 ಬರುತ್ತಿತ್ತು.

ಕೇಬಲ್ ಕಳೆದುಹೋಗಿ ಬೇರೆ ದಾರಿಯೇ ಇಲ್ಲದಿದ್ದರೆ, ಮಾಡೆಲ್ ನಂಬರ್ ಕೊಟ್ಟು ತಯಾರಕರನ್ನೇ ಕೇಳಿ. ಡ್ರೈವ್ ಜೋಡಿಸುವ ಮೊದಲು ಹೀಗೆ ಅಳೆದೂ ನೋಡಿ. 5ರ ಜಾಗದಲ್ಲಿ 4.75ರಿಂದ 5.25, 12ರ ಜಾಗದಲ್ಲಿ 11.4ರಿಂದ 12.6ರ ಒಳಗೆ ಬರಬೇಕು. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ ಉಳಿದಿರಬಹುದು.

ಹಾರ್ಡ್ ಡಿಸ್ಕ್ ಅರ್ಧ ಬದುಕಿತು. ಅದರ ಬೋರ್ಡಿನಲ್ಲಿ ಟಿವಿಎಸ್ ಡಯೋಡ್ ಅಂತ ಒಂದು ಪುಟ್ಟ ಭಾಗ ಇತ್ತು. ವೋಲ್ಟ್ ಮೀರಿದಾಗ ಅದು ತಾನು ಶಾರ್ಟ್ ಆಗಿ ಉಳಿದದ್ದನ್ನು ಕಾಪಾಡುತ್ತದೆ. ಡೇಟಾ ರಿಕವರಿ ಮಾಡುವವರೊಬ್ಬರು ಅದನ್ನು ತೆಗೆದು, ಒಳಗಿದ್ದದ್ದನ್ನು ನಕಲು ಮಾಡಿಕೊಟ್ಟರು. ಎಸ್‌ಎಸ್‌ಡಿ ಮಾತ್ರ ಏಳಲೇ ಇಲ್ಲ. 6 ವರ್ಷದ ಫೋಟೋಗಳು ಅದರಲ್ಲೇ ಇದ್ದವು. ವಾರಂಟಿ ಕೇಳಿದೆ, ತಪ್ಪು ಕೇಬಲ್ ಹಾಕಿದ್ದೀರಿ, ಆಗಲ್ಲ ಅಂದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ತಾನಾಗಿ ಆಫ್ ಆಗುವ ಕಾಟ ಅವತ್ತಿನಿಂದ ಇಲ್ಲ. ಹೊಸ ಎಸ್‌ಎಂಪಿಎಸ್ ಜೊತೆ ಬಂದ ಸಾಟಾ ಕೇಬಲ್ ಡಬ್ಬದ ತಳದಲ್ಲಿ, ಪ್ಲಾಸ್ಟಿಕ್ ಕವರ್ ಕೂಡ ಹರಿಯದೆ ಹಾಗೇ ಬಿದ್ದಿತ್ತು.